ಚಿನ್ನದ ಗಣಿಯಲ್ಲಿ ಬಾಡಿಗೆಗಿದ್ದ ಪ್ರಯೋಗಾಲಯ

ಕೆಜಿಎಫ್ ಎಂದ ಕೂಡಲೇ ಈಗ ಎಲ್ಲರಿಗೂ ನೆನಪಾಗುವುದು ಸಿನಿಮಾ. ನಾನು ಕನ್ನಡದವಳೆಂದು ಗೊತ್ತಾದರೆ ಸಾಕು, ಆಫೀಸಿನ ಮರಾಠಿ, ಗುಜರಾತಿ ಗೆಳತಿಯರು ರಾಕಿ ಭಾಯ್ ಡೈಲಾಗ್ ಹೊಡೆಯಲು ಶುರು ಮಾಡುತ್ತಾರೆ. ಸಿನಿಮಾದ ಮೇಲೆ ನನಗೆ ಮುನಿಸೇನಿಲ್ಲ. ಆದರೆ ಅದೇ ಕೋಲಾರದ ಗಣಿಯ ಆಳದಲ್ಲಿ 1965ರಲ್ಲಿ ನಡೆದ ಒಂದು ಪ್ರಯೋಗ ಜಗತ್ತಿನ ಭೌತವಿಜ್ಞಾನದ ಚರಿತ್ರೆಯಲ್ಲಿ ಸೇರಿಹೋಗಿದೆ. ಆ ಪ್ರಯೋಗದ ಇನ್ನೊಂದು ತುದಿ ಇದ್ದದ್ದು ನಮ್ಮ ಮುಂಬಯಿಯ ಕೊಲಾಬಾದಲ್ಲಿ. ಇದು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು? ಎಂಟೆಕ್ ಮುಗಿಸಿದ ನನಗೂ ಯಾವ ಪಠ್ಯಪುಸ್ತಕವೂ ಇದನ್ನು ಹೇಳಿರಲಿಲ್ಲ. ನಾನು ಭೌತವಿಜ್ಞಾನಿಯಲ್ಲ, ಸಾಫ್ಟ್‌ವೇರ್ ಕೆಲಸದವಳು. ಓದಿ ತಿಳಿದದ್ದನ್ನು ನನ್ನ ಭಾಷೆಯಲ್ಲಿ ಹೇಳುತ್ತಿದ್ದೇನೆ.

ಮೊದಲು ಆಕಾಶದಿಂದ ಶುರು ಮಾಡಬೇಕು. ಬಾಹ್ಯಾಕಾಶದಿಂದ ಭೂಮಿಯತ್ತ ಸದಾ ಪ್ರೋಟಾನ್‌ಗಳಂಥ ಕಣಗಳು ಭಾರೀ ವೇಗದಲ್ಲಿ ಬರುತ್ತಿರುತ್ತವೆ. ಇವೇ ವಿಶ್ವಕಿರಣಗಳು. ನಮ್ಮ ತಲೆಯ ಮೇಲೆ ಹತ್ತಿಪ್ಪತ್ತು ಕಿಲೋಮೀಟರ್ ಎತ್ತರದಲ್ಲಿ ಇವು ಗಾಳಿಯ ಪರಮಾಣುಗಳಿಗೆ ಡಿಕ್ಕಿ ಹೊಡೆಯುತ್ತವೆ. ಜಿನೀವಾದ ಬಳಿ 27 ಕಿ.ಮೀ. ಸುತ್ತಳತೆಯ ಸುರಂಗದಲ್ಲಿ ಕೋಟಿಗಟ್ಟಲೆ ಖರ್ಚು ಮಾಡಿ ನಡೆಸುವ ಡಿಕ್ಕಿಯನ್ನು ಆಕಾಶ ಬಿಟ್ಟಿಯಾಗಿ ನಡೆಸುತ್ತದೆ. ಕೆಲವೊಮ್ಮೆ ಅದಕ್ಕಿಂತ ಹೆಚ್ಚಿನ ಶಕ್ತಿಯಲ್ಲೂ ನಡೆಸುತ್ತದೆ. ಡಿಕ್ಕಿಯಲ್ಲಿ ಪಯಾನ್ ಎಂಬ ಅಲ್ಪಾಯುಷಿ ಕಣಗಳು ಹುಟ್ಟುತ್ತವೆ. ಅವು ಒಡೆದಾಗ ಮ್ಯೂಯಾನ್ ಮತ್ತು ನ್ಯೂಟ್ರಿನೋ ಎಂಬ ಎರಡು ಬಗೆಯ ಕಣಗಳು ಕೆಳಕ್ಕೆ ಬರುತ್ತವೆ.

ಮ್ಯೂಯಾನ್ ಎಲೆಕ್ಟ್ರಾನಿನ ದೊಡ್ಡಣ್ಣ ಇದ್ದಂತೆ, ತೂಕ ಸುಮಾರು ಇನ್ನೂರು ಪಟ್ಟು ಹೆಚ್ಚು. ನೀವು ಈ ಲೇಖನ ಓದುತ್ತಿರುವಾಗಲೇ ನಿಮ್ಮ ಅಂಗೈಯ ಮೂಲಕ ಸೆಕೆಂಡಿಗೆ ಒಂದೆರಡು ಮ್ಯೂಯಾನ್‌ಗಳು ಹಾದುಹೋಗುತ್ತಿವೆ. ನ್ಯೂಟ್ರಿನೋ ಬೇರೆಯೇ ಜಾತಿ. ಅದಕ್ಕೆ ವಿದ್ಯುದಂಶವಿಲ್ಲ, ತೂಕ ಇಲ್ಲವೆನ್ನುವಷ್ಟು ಕಡಿಮೆ. ಇಡೀ ಭೂಮಿಯನ್ನೇ ತೂರಿಕೊಂಡು ಆಚೆ ಹೋದರೂ ಯಾವುದಕ್ಕೂ ತಾಗದೆ ಹೋಗಬಹುದು. 1930ರಲ್ಲಿ ವುಲ್ಫ್‌ಗಾಂಗ್ ಪೌಲಿ ಇಂಥದ್ದೊಂದು ಕಣ ಇರಲೇಬೇಕೆಂದು ಲೆಕ್ಕ ಸರಿದೂಗಿಸಲು ಊಹಿಸಿದ. ಅದನ್ನು ಹಿಡಿದು ತೋರಿಸಲು 1956ರವರೆಗೆ ಕಾಯಬೇಕಾಯಿತು. ಅಮೆರಿಕದ ರೀನ್ಸ್ ಮತ್ತು ಕೋವನ್ ಪರಮಾಣು ರಿಯಾಕ್ಟರಿನ ಪಕ್ಕದಲ್ಲಿ ಕುಳಿತು ಹಿಡಿದರು. ಅದು ಮನುಷ್ಯ ತಯಾರಿಸಿದ ನ್ಯೂಟ್ರಿನೋ. ಆಕಾಶದಲ್ಲಿ ತಾನಾಗಿ ಹುಟ್ಟುವ ನ್ಯೂಟ್ರಿನೋವನ್ನು ಆಗಿನ್ನೂ ಯಾರೂ ಕಂಡಿರಲಿಲ್ಲ.

ಕಾಣುವುದು ಯಾಕೆ ಕಷ್ಟ? ನೆಲದ ಮೇಲೆ ಉಪಕರಣ ಇಟ್ಟರೆ ಮ್ಯೂಯಾನ್‌ಗಳ ಗದ್ದಲದಲ್ಲಿ ನ್ಯೂಟ್ರಿನೋದ ಪಿಸುಮಾತು ಕೇಳಿಸುವುದೇ ಇಲ್ಲ. ಹಾಗಾಗಿ ಜರಡಿ ಬೇಕು. ರವೆಯನ್ನು ಮೇಲೆ ಉಳಿಸಿ ನುಣ್ಣನೆಯ ಹಿಟ್ಟನ್ನು ಮಾತ್ರ ಕೆಳಗೆ ಬಿಡುವ ಜರಡಿ. ಮ್ಯೂಯಾನ್ ಎಂಬ ರವೆಯನ್ನು ತಡೆಯಲು ಕಲ್ಲಿಗಿಂತ ಒಳ್ಳೆಯ ಜರಡಿಯಿಲ್ಲ. ಆದರೆ ಒಂದೆರಡು ಮೀಟರ್ ಕಲ್ಲು ಸಾಲದು, ಕಿಲೋಮೀಟರ್‌ಗಟ್ಟಲೆ ಬೇಕು. ಅಷ್ಟು ಆಳದ ಗುಂಡಿಯನ್ನು ಯಾವ ಸರ್ಕಾರವೂ ವಿಜ್ಞಾನಕ್ಕೆಂದು ತೋಡಿಸಿಕೊಡುವುದಿಲ್ಲ. ಚಿನ್ನಕ್ಕಾದರೆ ತೋಡುತ್ತಾರೆ.

ಕೋಲಾರದಲ್ಲಿ ತೋಡಿದ್ದರು. 1880ರ ದಶಕದಿಂದ ಜಾನ್ ಟೇಲರ್ ಕಂಪನಿಯವರು ಅದಿರಿನ ಜಾಡು ಹಿಡಿದು ಇಳಿಯುತ್ತ ಹೋದರು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಬೆಂಗಳೂರಿಗಿಂತ ಮೊದಲು ಹೋದದ್ದು ಈ ಗಣಿಗೆ. ಸ್ವಾತಂತ್ರ್ಯದ ಹೊತ್ತಿಗೆ ಚಾಂಪಿಯನ್ ರೀಫ್ ಗಣಿ ಜಗತ್ತಿನ ಅತಿ ಆಳದ ಗಣಿಗಳ ಸಾಲಿನಲ್ಲಿತ್ತು. ಅದರ ತಳ ಮೂರು ಕಿಲೋಮೀಟರ್ ದಾಟಿತ್ತು.

ಈ ಆಳವನ್ನು ವಿಜ್ಞಾನಕ್ಕೆ ಬಳಸಿಕೊಳ್ಳಬೇಕೆಂದು ಹೊಳೆದದ್ದು ಹೋಮಿ ಭಾಭಾ ಅವರಿಗೆ. ಮುಂಬಯಿಯ ಪಾರ್ಸಿ ಮನೆತನದ ಭಾಭಾ 1939ರಲ್ಲಿ ಕೇಂಬ್ರಿಜ್‌ನಿಂದ ರಜೆಗೆಂದು ಬಂದವರು ಯುದ್ಧ ಶುರುವಾದ್ದರಿಂದ ಇಲ್ಲೇ ಉಳಿದರು. ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್‌ನಲ್ಲಿ ವಿಶ್ವಕಿರಣ ವಿಭಾಗ ಕಟ್ಟಿದರು. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಅಂದರೆ ನಮ್ಮ ಟಿಐಎಫ್‌ಆರ್, 1945ರ ಜೂನ್‌ನಲ್ಲಿ ಶುರುವಾದದ್ದು ಬೆಂಗಳೂರಿನ ಆ ಆವರಣದಲ್ಲೇ. ಆ ವರ್ಷದ ಕೊನೆಗೆ ಅದು ಮುಂಬಯಿಗೆ ಬಂತು. ಮೊದಲು ಪೆಡ್ಡರ್ ರೋಡಿನ ಕೆನಿಲ್‌ವರ್ತ್ ಬಂಗಲೆ, ಆಮೇಲೆ ಗೇಟ್‌ವೇ ಪಕ್ಕದ ಹಳೆಯ ಯಾಟ್ ಕ್ಲಬ್, ಕೊನೆಗೆ 1962ರಲ್ಲಿ ಕೊಲಾಬಾ. ನಮ್ಮಲ್ಲಿ ಬಹಳಷ್ಟು ಜನರ ಹಾಗೆ ಈ ಸಂಸ್ಥೆಯೂ ಕರ್ನಾಟಕದಿಂದ ಹೊರಟು ಮುಂಬಯಿಯಲ್ಲಿ ಮನೆ ಬದಲಿಸುತ್ತ ಬಂದದ್ದು!

ಭಾಭಾ ಕೋಲಾರಕ್ಕೆ ಇಳಿಸಿದ್ದು ನಂಜನಗೂಡಿನಲ್ಲಿ ಹುಟ್ಟಿದ ಬಿ. ವಿ. ಶ್ರೀಕಂಠನ್ ಅವರನ್ನು. 1948ರಲ್ಲಿ ಟಿಐಎಫ್‌ಆರ್ ಸೇರಿದ ಈ ತರುಣ ಐವತ್ತರ ದಶಕದ ಆರಂಭದಲ್ಲಿ ಉಪಕರಣಗಳನ್ನು ಹೊತ್ತು ಗಣಿಯ ಕೇಜ್ ಹತ್ತಿದರು. ಯಾವ ಆಳದಲ್ಲಿ ಎಷ್ಟು ಮ್ಯೂಯಾನ್ ಉಳಿಯುತ್ತವೆ ಎಂಬ ಎಣಿಕೆ ಅವರ ಕೆಲಸ. ಮುಂದೆ 1975ರಿಂದ 1987ರವರೆಗೆ ಇದೇ ಸಂಸ್ಥೆಯ ನಿರ್ದೇಶಕರಾಗಿದ್ದರು. ನಂಜನಗೂಡು ಎಂದರೆ ಹಲ್ಲುಪುಡಿ, ರಸಬಾಳೆ ಎಂದಷ್ಟೇ ಹೇಳುವ ನಾವು ಈ ಹೆಸರನ್ನೂ ಸೇರಿಸಿಕೊಳ್ಳಬಹುದು.

ಮಹಿಳಾ ವೇದಿಕೆಯ ಸಂಚಿಕೆಯಾದ್ದರಿಂದ ಹೇಳುತ್ತಿಲ್ಲ, ಆದರೆ ಇಲ್ಲೊಬ್ಬ ಹೆಣ್ಣುಮಗಳ ಬಗ್ಗೆ ನಿಂತು ಹೇಳಬೇಕು. ಶ್ರೀಕಂಠನ್ ಸೇರಿದ ಮರುವರ್ಷ, 1949ರಲ್ಲಿ, ಟಿಐಎಫ್‌ಆರ್‌ಗೆ ಮೊದಲ ಮಹಿಳಾ ಸಂಶೋಧಕಿ ಬಂದರು. ಅವರೇ ಬಿಭಾ ಚೌಧುರಿ. 1936ರಲ್ಲಿ ಕಲ್ಕತ್ತಾ ವಿಶ್ವವಿದ್ಯಾಲಯದಲ್ಲಿ ಭೌತವಿಜ್ಞಾನದ ಎಂಎಸ್‌ಸಿ ಮುಗಿಸಿದವರಲ್ಲಿ ಅವರೊಬ್ಬರೇ ಹೆಣ್ಣು. ಆಮೇಲೆ ಡಿ. ಎಂ. ಬೋಸ್ ಅವರೊಂದಿಗೆ ಸೇರಿ ಡಾರ್ಜಿಲಿಂಗ್, ಸಂದಕ್ಫುವಿನಂಥ ಎತ್ತರದ ಜಾಗಗಳಲ್ಲಿ ಫೋಟೋ ಪ್ಲೇಟುಗಳನ್ನು ತಿಂಗಳುಗಟ್ಟಲೆ ಇಟ್ಟು, ವಿಶ್ವಕಿರಣಗಳು ಅವುಗಳ ಮೇಲೆ ಬಿಟ್ಟ ಗೆರೆಗಳನ್ನು ಸೂಕ್ಷ್ಮದರ್ಶಕದಲ್ಲಿ ಅಳೆದರು. ಎಲೆಕ್ಟ್ರಾನಿನ ಇನ್ನೂರು ಪಟ್ಟು ತೂಕದ ಕಣವೊಂದು ಅವರಿಗೆ ಕಂಡಿತು. ನಲವತ್ತರ ದಶಕದ ಆರಂಭದಲ್ಲಿ ಆ ಫಲಿತಾಂಶ ‘ನೇಚರ್’ ಪತ್ರಿಕೆಯಲ್ಲಿ ಬಂತು. ಇನ್ನೂ ಖಚಿತವಾಗಿ ಅಳೆಯಲು ಉತ್ತಮ ದರ್ಜೆಯ ಪ್ಲೇಟು ಬೇಕಿತ್ತು. ಯುದ್ಧಕಾಲ, ಪ್ಲೇಟು ಸಿಗಲಿಲ್ಲ. ಯುದ್ಧ ಮುಗಿದ ಮೇಲೆ ಬ್ರಿಸ್ಟಲ್‌ನ ಸೆಸಿಲ್ ಪವೆಲ್ ಉತ್ತಮ ಪ್ಲೇಟುಗಳಿಂದ ಅದೇ ವಿಧಾನದಲ್ಲಿ ಪಯಾನ್ ಕಂಡುಹಿಡಿದರು. 1950ರಲ್ಲಿ ನೊಬೆಲ್ ಬಂತು. ಬೋಸ್ ಮತ್ತು ಚೌಧುರಿ ತಮಗಿಂತ ಮೊದಲು ಈ ದಾರಿ ಹಿಡಿದಿದ್ದರೆಂದು ಪವೆಲ್ ತಮ್ಮ ಬರವಣಿಗೆಯಲ್ಲಿ ಒಪ್ಪಿಕೊಂಡಿದ್ದಾರೆ. ಅಷ್ಟರಲ್ಲಿ ಬಿಭಾ ಮ್ಯಾಂಚೆಸ್ಟರ್‌ಗೆ ಹೋಗಿ ಪ್ಯಾಟ್ರಿಕ್ ಬ್ಲಾಕೆಟ್ ಅವರ ಪ್ರಯೋಗಾಲಯದಲ್ಲಿ ಡಾಕ್ಟರೇಟ್‌ಗೆ ಕೆಲಸ ಮಾಡಿ ಬಂದಿದ್ದರು. ಟಿಐಎಫ್‌ಆರ್‌ನಲ್ಲಿ ಎಂಟು ವರ್ಷ ಇದ್ದು, ಮುಂದೆ ಅಹಮದಾಬಾದಿನ ಭೌತ ಸಂಶೋಧನಾಲಯ ಸೇರಿದ ಮೇಲೆ ಅವರೂ ಕೋಲಾರದ ವಿಶ್ವಕಿರಣ ಪ್ರಯೋಗಗಳಲ್ಲಿ ತೊಡಗಿಕೊಂಡರು. ಅವರು 1991ರಲ್ಲಿ ತೀರಿಕೊಂಡಾಗ ಭೌತವಿಜ್ಞಾನದ ವಲಯದ ಆಚೆ ಆ ಹೆಸರು ಯಾರಿಗೂ ಗೊತ್ತಿರಲಿಲ್ಲ. 2019ರಲ್ಲಿ ಒಂದು ನಕ್ಷತ್ರಕ್ಕೆ ‘ಬಿಭಾ’ ಎಂದು ಹೆಸರಿಟ್ಟರು. ಬದುಕಿದ್ದಾಗ ಒಂದು ದೊಡ್ಡ ಪ್ರಶಸ್ತಿಯನ್ನೂ ಕೊಡದೆ ತೀರಿಹೋದ ಮೇಲೆ ನಕ್ಷತ್ರ ಕೊಡುವುದು ಸುಲಭ ಎಂದು ನನಗನ್ನಿಸುತ್ತದೆ.

ಮತ್ತೆ ಗಣಿಗೆ ಇಳಿಯೋಣ. ಅರವತ್ತರ ದಶಕದ ಆರಂಭದಲ್ಲಿ ಟಿಐಎಫ್‌ಆರ್‌ನ ನರಸಿಂಹಂ ಮತ್ತು ರಮಣಮೂರ್ತಿ, ಜಪಾನಿನ ಒಸಾಕಾದಿಂದ ಬಂದ ಮಿಯಾಕೆ, ಈ ಮೂವರು ಎಣಿಕೆಯನ್ನು ಇನ್ನೂ ಕೆಳಕ್ಕೆ ಒಯ್ದರು. ಆಳ ಹೆಚ್ಚಿದಂತೆ ಮ್ಯೂಯಾನ್‌ಗಳು ಕಡಿಮೆಯಾಗುತ್ತ ಬಂದವು. ಸುಮಾರು 2760 ಮೀಟರ್ ಆಳದಲ್ಲಿ ಎರಡು ತಿಂಗಳು ಕಾದರೂ ಒಂದೂ ಬರಲಿಲ್ಲ. ಸೊನ್ನೆ!

ಬೇರೆ ಯಾರಾದರೂ ಆಗಿದ್ದರೆ ‘ಏನೂ ಸಿಗಲಿಲ್ಲ’ ಎಂದು ಬರೆದು ಗಂಟುಮೂಟೆ ಕಟ್ಟುತ್ತಿದ್ದರೇನೋ. ನನಗೆ ಈ ಇಡೀ ಕಥೆಯಲ್ಲಿ ಅತ್ಯಂತ ಇಷ್ಟವಾದ ಜಾಗ ಇದು. ಆ ಸೊನ್ನೆಯೇ ಸುದ್ದಿ ಎಂದು ಅವರಿಗೆ ಅರ್ಥವಾಯಿತು. ಇಷ್ಟು ನಿಶ್ಶಬ್ದವಾದ ಜಾಗದಲ್ಲಿ ಏನಾದರೂ ಸದ್ದಾದರೆ ಅದು ನ್ಯೂಟ್ರಿನೋದ್ದೇ ಇರಬೇಕು ತಾನೆ?

1964ರ ಕೊನೆಯ ಹೊತ್ತಿಗೆ ಚಾಂಪಿಯನ್ ರೀಫ್‌ನ ಹೀತ್‌ಕೋಟ್ ಶಾಫ್ಟಿನಲ್ಲಿ, ಸುಮಾರು 2.3 ಕಿ.ಮೀ. ಆಳದಲ್ಲಿ, ಹೊಸ ಉಪಕರಣಗಳನ್ನು ನಿಲ್ಲಿಸಿದರು. ಟಿಐಎಫ್‌ಆರ್, ಒಸಾಕಾ, ಇಂಗ್ಲೆಂಡಿನ ಡರಮ್ ವಿಶ್ವವಿದ್ಯಾಲಯ, ಮೂವರ ಪಾಲುದಾರಿಕೆ. ಮುಂಬಯಿ ಕಡೆಯ ಮುಂದಾಳು ಎಂ. ಜಿ. ಕೆ. ಮೆನನ್. ಮಲಯಾಳಿ ಮನೆತನದವರಾದರೂ ಹುಟ್ಟಿದ್ದು ಮಂಗಳೂರಿನಲ್ಲಿ. ಬ್ರಿಸ್ಟಲ್‌ನಲ್ಲಿ ಪವೆಲ್ ಅವರ ಕೈಕೆಳಗೆ ಪಳಗಿದವರು.

ಉಪಕರಣದ ಲೆಕ್ಕಾಚಾರ ಸರಳ. ಎದುರುಬದುರು ಎರಡು ಗೋಡೆ, ಪ್ಲಾಸ್ಟಿಕ್ ಸಿಂಟಿಲೇಟರ್‌ನದು. ವಿದ್ಯುದಂಶವಿರುವ ಕಣ ಹಾದರೆ ಆ ಪ್ಲಾಸ್ಟಿಕ್ ಸೂಕ್ಷ್ಮವಾಗಿ ಮಿನುಗುತ್ತದೆ. ಎರಡೂ ಗೋಡೆಗಳು ಒಟ್ಟಿಗೆ ಮಿನುಗಿದರೆ ಕಣವೊಂದು ಅಡ್ಡಡ್ಡಲಾಗಿ ದಾಟಿತು ಎಂದರ್ಥ. ಆ ಕ್ಷಣಕ್ಕೆ ನಡುವಿನ ನಿಯಾನ್ ಕೊಳವೆಗಳು ಹೊತ್ತಿಕೊಂಡು ಕಣದ ಹಾದಿ ತೋರಿಸುತ್ತವೆ, ಕ್ಯಾಮೆರಾ ಫೋಟೋ ತೆಗೆಯುತ್ತದೆ. ಅಡ್ಡ ದಾರಿಯೇ ಇಲ್ಲಿನ ಮುಖ್ಯ ಸುಳಿವು. ಅಷ್ಟು ಆಳಕ್ಕೆ ಮೇಲಿನಿಂದ ಅಪ್ಪಿತಪ್ಪಿ ಮ್ಯೂಯಾನ್ ಬಂದರೂ ಅದು ನೆಟ್ಟಗೆ ಮೇಲಿನಿಂದಲೇ ಬರಬೇಕು, ಏಕೆಂದರೆ ಓರೆಯಾಗಿ ಬಂದರೆ ದಾಟಬೇಕಾದ ಕಲ್ಲು ಹಲವು ಪಟ್ಟು ಹೆಚ್ಚು. ಹಾಗಿದ್ದೂ ಪಕ್ಕದಿಂದ ಒಂದು ಮ್ಯೂಯಾನ್ ನುಗ್ಗಿ ಬಂತೆಂದರೆ ಅದು ಆಕಾಶದಿಂದ ಬಂದದ್ದಲ್ಲ. ಹತ್ತಿರದ ಬಂಡೆಯಲ್ಲೇ ಒಂದು ನ್ಯೂಟ್ರಿನೋ ಪರಮಾಣುವಿಗೆ ತಾಗಿ ಹುಟ್ಟಿದ್ದು.

ಅಂಥ ಮೊದಲ ಗೆರೆ 1965ರ ಏಪ್ರಿಲ್‌ನಲ್ಲಿ ಕಾಣಿಸಿತು. ತಿಂಗಳುಗಟ್ಟಲೆ ಕಾದರೆ ಒಂದೆರಡು ಸಿಗುವ ಲೆಕ್ಕ. ನನ್ನ ಕೆಲಸದಲ್ಲಿ ಒಂದು ಸರ್ವರ್ ಒಂದು ಗಂಟೆಯಲ್ಲಿ ಲಕ್ಷಗಟ್ಟಲೆ ಸಾಲು ಲಾಗ್ ಉಗುಳುತ್ತದೆ, ಅದರಲ್ಲಿ ಒಂದನ್ನೂ ಯಾರೂ ಓದುವುದಿಲ್ಲ. ಇವರ ಬಳಿ ಇದ್ದದ್ದು ಬೆರಳೆಣಿಕೆಯ ಫೋಟೋಗಳು. ಒಂದೊಂದನ್ನೂ ಕೋನ ಅಳೆದು, ಬೇರೆ ಯಾವ ಕಾರಣಕ್ಕಾದರೂ ಹೀಗೆ ಬಂದಿರಬಹುದೇ ಎಂದು ತಿರುವಿ ತಿರುವಿ ನೋಡಿ ಒಪ್ಪಿಕೊಂಡರು.

ಅದೇ ವೇಳೆ ದಕ್ಷಿಣ ಆಫ್ರಿಕದಲ್ಲಿ, ಜೋಹಾನ್ಸ್‌ಬರ್ಗ್ ಬಳಿಯ ಇನ್ನೊಂದು ಚಿನ್ನದ ಗಣಿಯ ಮೂರು ಕಿಲೋಮೀಟರ್ ಆಳದಲ್ಲಿ, 1956ರ ಅದೇ ರೀನ್ಸ್ ಕಾಯುತ್ತಿದ್ದರು. ಅವರ ಮೊದಲ ಗೆರೆ ಫೆಬ್ರುವರಿ 23ರಂದೇ ಸಿಕ್ಕಿತ್ತು. ಆದರೆ ಕೋಲಾರದವರು ಜುಲೈ 12ಕ್ಕೆ ಪ್ರಬಂಧ ಕೊಟ್ಟರು, ರೀನ್ಸ್ ತಂಡ ಜುಲೈ 26ಕ್ಕೆ. ಕೋಲಾರದ್ದು ಅಚ್ಚಾದದ್ದು ಆಗಸ್ಟ್ 15ರಂದು, ಅವರದ್ದು ಅದೇ ತಿಂಗಳು 30ರಂದು. ಹಾಗಾಗಿ ಯಾರು ಮೊದಲು ಎಂಬ ಪ್ರಶ್ನೆಗೆ ಉತ್ತರ ಎರಡು: ಮೊದಲು ಕಂಡವರು ಅವರು, ಮೊದಲು ಪ್ರಕಟಿಸಿದವರು ನಾವು. ‘ಜಗತ್ತಿನಲ್ಲೇ ಮೊದಲು ಕೋಲಾರ’ ಎಂದು ಎದೆ ತಟ್ಟಿಕೊಳ್ಳುವ ವಾಟ್ಸಾಪ್ ಸಂದೇಶ ನಿಮಗೆ ಬಂದರೆ ಈ ಅರ್ಧವನ್ನೂ ಸೇರಿಸಿ ಮುಂದೆ ಕಳಿಸಿ. ಹೆಚ್ಚುಕಡಿಮೆ ಒಟ್ಟಿಗೇ ಗುರಿ ಮುಟ್ಟಿದ್ದು ಸಣ್ಣ ಸಂಗತಿಯೇನಲ್ಲ. ಭಾಭಾ ಅವರಿಗೆ ಈ ಫಲ ನೋಡುವ ಯೋಗವಿತ್ತು. ಐದೇ ತಿಂಗಳಿಗೆ, 1966ರ ಜನವರಿ 24ರಂದು, ಆಲ್ಪ್ಸ್ ಪರ್ವತದಲ್ಲಿ ಅವರಿದ್ದ ವಿಮಾನ ಅಪ್ಪಳಿಸಿತು.

ಆ ಪ್ರಬಂಧದ ತಲೆಯ ಮೇಲೆ ಹನ್ನೊಂದು ಹೆಸರುಗಳಿವೆ. ಒಂದೂ ಹೆಣ್ಣು ಹೆಸರಲ್ಲ. 1952ರ ಗಣಿ ಕಾಯ್ದೆ ಹೆಂಗಸರನ್ನು ನೆಲದಡಿಯ ಕೆಲಸಕ್ಕೆ ಇಟ್ಟುಕೊಳ್ಳುವುದನ್ನೇ ನಿಷೇಧಿಸಿತ್ತು. ತಾಂತ್ರಿಕ, ಮೇಲ್ವಿಚಾರಣೆಯ ಹುದ್ದೆಗಳಿಗೆ ಆ ಬಾಗಿಲು ತೆರೆದದ್ದು 2019ರಲ್ಲಿ. ಇನ್ನೊಂದು ಗುಂಪೂ ಆ ಪಟ್ಟಿಯಲ್ಲಿಲ್ಲ. ಜರಡಿ ಮಾಡಿಕೊಟ್ಟವರು. ತಮಿಳು, ತೆಲುಗು ಸೀಮೆಯಿಂದ ಬಂದ, ಬಹುಪಾಲು ದಲಿತರಾದ ಕಾರ್ಮಿಕರು ಮೂರು ನಾಲ್ಕು ತಲೆಮಾರು ಆ ಕಲ್ಲು ಒಡೆದಿದ್ದರು. ಆ ಆಳದಲ್ಲಿ ಬಂಡೆಯೇ ಕಾದಿರುತ್ತದೆ, ಮೇಲಿನಿಂದ ತಂಪು ಗಾಳಿ ಕಳಿಸದಿದ್ದರೆ ನಿಲ್ಲಲಾಗದು. ಒತ್ತಡ ತಾಳದೆ ಬಂಡೆ ಸಿಡಿಯುವ ‘ರಾಕ್ ಬರ್ಸ್ಟ್’ ಎಷ್ಟೋ ಮನೆಗಳ ದೀಪ ಆರಿಸಿದೆ. ಧೂಳು ಕುಡಿದು ಶ್ವಾಸಕೋಶ ಕಲ್ಲಾದವರ ಲೆಕ್ಕ ಬೇರೆ. ವಿಜ್ಞಾನಿಗಳು ಬಳಸಿದ ಕೇಜ್, ಗಾಳಿ, ದೀಪ, ನೀರೆತ್ತುವ ಪಂಪು, ಎಲ್ಲವೂ ಚಿನ್ನದ ಖರ್ಚಿನಲ್ಲಿ ನಡೆದವು. ಪ್ರಯೋಗಾಲಯ ಅಲ್ಲಿ ಬಾಡಿಗೆಗಿತ್ತು ಎಂದು ನಾನು ಹೇಳುವುದು ಇದಕ್ಕೆ.

ಬಾಡಿಗೆಯ ಮನೆಯಲ್ಲಿ ಅವರು ಹೆಚ್ಚುಕಡಿಮೆ ನಲವತ್ತು ವರ್ಷ ಕಳೆದರು. ಎಪ್ಪತ್ತರ ದಶಕದಲ್ಲಿ ಯಾವ ಲೆಕ್ಕಕ್ಕೂ ಹೊಂದದ ಕೆಲವು ವಿಚಿತ್ರ ಗೆರೆಗಳು ಕಂಡವು. ‘ಕೋಲಾರ್ ಈವೆಂಟ್ಸ್’ ಎಂಬ ಹೆಸರಿನಲ್ಲೇ ಅವು ಪ್ರಸಿದ್ಧವಾದವು, ಇವತ್ತಿಗೂ ಒಪ್ಪಿತವಾದ ವಿವರಣೆ ಸಿಕ್ಕಿಲ್ಲ. 1980ರಲ್ಲಿ 140 ಟನ್ ಕಬ್ಬಿಣದ ಉಪಕರಣ ನಿಲ್ಲಿಸಿ, ಪ್ರೋಟಾನ್ ಎಂದಾದರೂ ಸಾಯುತ್ತದೆಯೇ ಎಂದು ಕಾಯತೊಡಗಿದರು. ಕೆಲವು ಸಾವು ಕಂಡಿರಬಹುದೆಂದು ವರದಿಯನ್ನೂ ಮಾಡಿದರು. ಅಮೆರಿಕ, ಜಪಾನಿನ ದೊಡ್ಡ ಉಪಕರಣಗಳಿಗೆ ಅಂಥದ್ದೇನೂ ಸಿಗಲಿಲ್ಲ. ಪ್ರೋಟಾನ್ ಸತ್ತದ್ದನ್ನು ಈವರೆಗೆ ಯಾರೂ ಖಚಿತವಾಗಿ ಕಂಡಿಲ್ಲ.

ಅಷ್ಟರಲ್ಲಿ ಮನೆಯ ಯಜಮಾನನ ಸ್ಥಿತಿ ಕೆಟ್ಟಿತ್ತು. ಅದಿರು ಬಡವಾಯಿತು, ಖರ್ಚು ಬೆಳೆಯಿತು. ಆಳದ ಮಟ್ಟಗಳನ್ನು ಗಣಿ ಕೈಬಿಡುತ್ತ ಬಂದಂತೆ ತೊಂಬತ್ತರ ದಶಕದ ಆರಂಭದಲ್ಲಿ ಪ್ರಯೋಗಗಳು ನಿಂತವು. 2001ರ ಫೆಬ್ರುವರಿ 28ರಂದು ಗಣಿಯೇ ಮುಚ್ಚಿತು. ಪಂಪುಗಳು ನಿಂತ ಮೇಲೆ ಶಾಫ್ಟುಗಳಲ್ಲಿ ನೀರು ಏರಿತು. ಈಗ ಊರಲ್ಲಿ ಕಾಣುವುದು ತುಕ್ಕು ಹಿಡಿದ ಶಾಫ್ಟ್ ಗೋಪುರಗಳು, ಸೈನೈಡ್ ದಿಬ್ಬಗಳು, ಬೆಳಿಗ್ಗೆ ಬೆಂಗಳೂರಿನ ರೈಲು ಹಿಡಿಯಲು ಓಡುವ ಜನ.

ಮುಚ್ಚದೆ ಬೇರೆ ದಾರಿಯಿತ್ತೇ? ಹೋಲಿಕೆಗೆ ಅಮೆರಿಕದ ಹೋಮ್‌ಸ್ಟೇಕ್ ಗಣಿಯನ್ನು ನೋಡಬೇಕು. ಅದೂ ಚಿನ್ನದ ಗಣಿ. ಅಲ್ಲಿ ರೇ ಡೇವಿಸ್ ಅರವತ್ತರ ದಶಕದಲ್ಲಿ ಒಂದು ದೊಡ್ಡ ಟ್ಯಾಂಕ್ ತುಂಬ ಡ್ರೈಕ್ಲೀನಿಂಗ್ ದ್ರವ ತುಂಬಿ ಸೂರ್ಯನ ನ್ಯೂಟ್ರಿನೋ ಹಿಡಿದರು, 2002ರಲ್ಲಿ ನೊಬೆಲ್ ಪಡೆದರು. ಅದೇ ವರ್ಷ ಆ ಗಣಿಯೂ ಮುಚ್ಚಿತು. ಮರುವರ್ಷ ಪಂಪು ನಿಲ್ಲಿಸಿದರು, ಅಲ್ಲೂ ನೀರು ತುಂಬಿತು. ಆದರೆ ಗಣಿಯ ಕಂಪನಿ ಆ ಜಾಗವನ್ನು ರಾಜ್ಯಕ್ಕೆ ದಾನ ಕೊಟ್ಟಿತು, ಒಬ್ಬ ದಾನಿ ಏಳು ಕೋಟಿ ಡಾಲರ್ ಕೊಟ್ಟ, ನೀರನ್ನು ಮತ್ತೆ ಹೊರಗೆತ್ತಿದರು. ಇವತ್ತು ಅಲ್ಲಿ, ಸುಮಾರು ಒಂದೂವರೆ ಕಿಲೋಮೀಟರ್ ಆಳದಲ್ಲಿ, ‘ಡ್ಯೂನ್’ ಎಂಬ ಪ್ರಯೋಗಕ್ಕೆ ಭಾರೀ ಗುಹೆಗಳು ಸಿದ್ಧವಾಗಿವೆ. 1300 ಕಿ.ಮೀ. ದೂರದ ಫರ್ಮಿಲ್ಯಾಬ್‌ನಲ್ಲಿ ಪ್ರೋಟಾನ್‌ಗಳನ್ನು ಡಿಕ್ಕಿ ಹೊಡೆಸಿ ಹುಟ್ಟಿಸಿದ ನ್ಯೂಟ್ರಿನೋಗಳನ್ನು ನೆಲದೊಳಗಿಂದಲೇ ಅಲ್ಲಿಗೆ ಕಳಿಸುತ್ತಾರೆ. ಭಾರತದ ವಿಜ್ಞಾನಿಗಳೂ ಅದರಲ್ಲಿದ್ದಾರೆ.

ಕೋಲಾರವನ್ನೂ ಹೀಗೆ ಉಳಿಸಬೇಕಿತ್ತು ಎಂದು ಹೇಳಿಬಿಡುವುದು ಸುಲಭ. ನ್ಯಾಯವಾಗಿ ಹೇಳಬೇಕೆಂದರೆ, ಅಲ್ಲಿಯ ಬಂಡೆ ಶತಮಾನದ ಅಗೆತದಿಂದ ದಣಿದಿತ್ತು. ಇಕ್ಕಟ್ಟಾದ ಸುರಂಗಗಳಲ್ಲಿ ನೂರಿನ್ನೂರು ಟನ್ ಉಪಕರಣ ಇಡಬಹುದಿತ್ತು. ಅಷ್ಟರಲ್ಲಿ ವಿಜ್ಞಾನಕ್ಕೆ ಬೇಕಾದದ್ದು ಹತ್ತಾರು ಸಾವಿರ ಟನ್. 1998ರಲ್ಲಿ ಜಪಾನಿನವರು ಇನ್ನೊಂದು ಗಣಿಯಲ್ಲಿ 50,000 ಟನ್ ನೀರಿನ ತೊಟ್ಟಿ ಇಟ್ಟು, ಕೋಲಾರದಲ್ಲಿ ಕಂಡ ಇದೇ ಆಕಾಶದ ನ್ಯೂಟ್ರಿನೋಗಳು ದಾರಿಯಲ್ಲಿ ಒಂದು ಬಗೆಯಿಂದ ಇನ್ನೊಂದು ಬಗೆಗೆ ವೇಷ ಬದಲಿಸುತ್ತವೆ, ಆದ್ದರಿಂದ ಅವುಗಳಿಗೆ ತೂಕವಿದೆ ಎಂದು ತೋರಿಸಿದರು. 2015ರ ನೊಬೆಲ್‌ನಲ್ಲಿ ಅದಕ್ಕೆ ಪಾಲಿದೆ. ಮನುಷ್ಯ ಎದುರುಬದುರು ಡಿಕ್ಕಿ ಹೊಡೆಸಿದ ಕಣಗಳಿಂದ ಹುಟ್ಟಿದ ನ್ಯೂಟ್ರಿನೋವನ್ನು ಹಿಡಿದದ್ದಂತೂ 2023ರಲ್ಲಿ, ಜಿನೀವಾದ ಫೇಸರ್ ಪ್ರಯೋಗದಲ್ಲಿ. ಆಕಾಶದ ಡಿಕ್ಕಿಯದ್ದು ಕೋಲಾರದಲ್ಲಿ ಕಂಡು ಅಷ್ಟು ಹೊತ್ತಿಗೆ 58 ವರ್ಷವಾಗಿತ್ತು. ನನ್ನ ಆಕ್ಷೇಪ ಕೋಲಾರವನ್ನು ಮುಚ್ಚಿದ್ದಕ್ಕಲ್ಲ. ಅದು ಮುಚ್ಚುತ್ತದೆಂದು ಹತ್ತು ವರ್ಷ ಮೊದಲೇ ಗೊತ್ತಿದ್ದೂ ಇನ್ನೊಂದು ಮನೆ ನೋಡಿಕೊಳ್ಳದೆ ಇದ್ದದ್ದಕ್ಕೆ. ಮುಂಬಯಿಯಲ್ಲಿ ಬಾಡಿಗೆಗಿರುವ ಯಾರನ್ನು ಕೇಳಿದರೂ ಹೇಳುತ್ತಾರೆ, ಲೀಸ್ ಮುಗಿಯುವ ಮೊದಲು ಮನೆ ಹುಡುಕಬೇಕೆಂದು.

ಸ್ವಂತ ಮನೆಯ ಯೋಜನೆ ಬಂದದ್ದು ಆಮೇಲೆ. ಕೋಲಾರದಲ್ಲಿ ಕೆಲಸ ಮಾಡಿದ್ದ ನಬ ಮಂಡಲ್ ಅವರಂಥವರು ಮುಂದೆ ನಿಂತು, ತಮಿಳುನಾಡಿನ ತೇನಿ ಜಿಲ್ಲೆಯ ಬೋಡಿ ಪಶ್ಚಿಮ ಬೆಟ್ಟದೊಳಗೆ ಸುರಂಗ ಕೊರೆದು 50,000 ಟನ್ ಅಯಸ್ಕಾಂತದ ಕಬ್ಬಿಣ ಇಡುವ ವೀಕ್ಷಣಾಲಯಕ್ಕೆ ರೂಪ ಕೊಟ್ಟರು. 2015ರ ಜನವರಿಯಲ್ಲಿ ಕೇಂದ್ರ ಸಂಪುಟ ಒಪ್ಪಿತು. ಆದರೆ ಪಶ್ಚಿಮ ಘಟ್ಟ, ಕಾಡು, ನೀರು, ಜಮೀನು ಎಂದು ಅಲ್ಲಿಯ ಜನ ವಿರೋಧಿಸಿದರು, ರಾಜ್ಯ ಸರ್ಕಾರವೂ ಬೇಡವೆಂದಿತು, ವಿಷಯ ನ್ಯಾಯಾಲಯ ಹತ್ತಿತು. ನ್ಯೂಟ್ರಿನೋದಿಂದ ಅಪಾಯ ಎಂಬ ಮಾತಿನಲ್ಲಿ ಹುರುಳಿಲ್ಲ, ಅದು ಹೇಗೂ ನಮ್ಮೆಲ್ಲರ ಮೈಯೊಳಗೆ ಹಗಲಿರುಳು ಓಡಾಡುತ್ತಲೇ ಇದೆ. ಬೆಟ್ಟ ಸಿಡಿಸುವುದರ ಬಗ್ಗೆ ಹಳ್ಳಿಯವರು ಕೇಳಿದ ಪ್ರಶ್ನೆಗಳು ಹಾಗಲ್ಲ. ಅವನ್ನು ಶುರುವಿನಲ್ಲೇ ಕುಳಿತು ಕೇಳಬೇಕಿತ್ತು.

ಈ ನಡುವೆ 2017ರಲ್ಲಿ ಜಾರ್ಖಂಡ್‌ನ ಜಾದೂಗುಡದಲ್ಲಿ, 555 ಮೀಟರ್ ಆಳದಲ್ಲಿ, ಕಪ್ಪುವಸ್ತುವಿನ ಹುಡುಕಾಟಕ್ಕೆ ಒಂದು ಪುಟ್ಟ ಪ್ರಯೋಗಾಲಯ ಶುರುವಾಯಿತು. ಕೋಲಾರದ ಆಳದ ಕಾಲು ಭಾಗವೂ ಇಲ್ಲ. ಅದು ಇರುವುದು ನಡೆಯುತ್ತಿರುವ ಗಣಿಯೊಂದರ ಒಳಗೆ. ಅಲ್ಲಿ ತೆಗೆಯುವುದು ಯುರೇನಿಯಂ.